ಅಜ್ಜಿಯ ಸ್ವರ: ಒಬ್ಬ ನಟಿ-ಗಾಯಕಿಯ ಗಂಟಲಿನ ಪ್ರಕರಣ

ನಾನು ಮಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಮಾತು ತಡವಾದ ಮಕ್ಕಳು, ಸ್ಟ್ರೋಕ್ ಆದವರು, ತೊದಲುವವರು, ಸ್ವರ ಕಳಕೊಂಡ ಟೀಚರ್‌ಗಳು, ಹೀಗೆ ದಿನ ಕಳೆಯುತ್ತದೆ. ಈ ಪ್ರಕರಣ ಬರೆಯಬೇಕು ಅನಿಸಿದ್ದಕ್ಕೆ ಕಾರಣ ಇದೆ. ಇದರಲ್ಲಿ ನಾನು ಮೊದಲು ತಪ್ಪು ಜಾಗದಲ್ಲಿ ಹುಡುಕಿದೆ, ಆ ತಪ್ಪಿಗೆ ಮೂರು ವಾರ ಹೋಯಿತು, ಅದೂ ನಾಟಕದ ಸೀಸನ್ ಜೋರಾಗಿದ್ದ ಹೊತ್ತಿನಲ್ಲಿ. ನಮ್ಮ ಕರಾವಳಿಯಲ್ಲಿ ಹಾಡುವ, ನಟಿಸುವ ಹೆಣ್ಮಕ್ಕಳು ತುಂಬಾ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಇದು ಗೊತ್ತಾಗಬೇಕು.

ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಊರು, ನಾಟಕದ ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಗಂಟಲಿನ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ.

ಅವರು ಯಾರು

32 ವರ್ಷ. ತುಳು ನಾಟಕದ ನಟಿ, ಹಾಡುಗಾರ್ತಿ ಕೂಡ. ಶುರುವಾದದ್ದು ಊರಿನ ಭಜನಾ ಮಂದಿರದಲ್ಲಿ. ಶನಿವಾರದ ಭಜನೆಗೆ ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದ ಹುಡುಗಿ ಆರನೇ ಕ್ಲಾಸಿಗೆ ಬರುವಾಗ ತಾಳ ಹಿಡಿದು ಮುಂದೆ ಕೂತು ಬೇರೆಯವರಿಗೆ ಹೇಳಿಕೊಡುವಷ್ಟು ಆಗಿದ್ದರು. ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮ, ಆಮೇಲೆ ಒಂದು ನಾಟಕ ತಂಡ. ಹೀರೋಯಿನ್ ಮದುವೆಯಾಗಿ ಮುಂಬೈಗೆ ಹೋದರಂತೆ, ತಂಡದವರು ಇವರ ಮನೆಗೆ ಬಂದು ಅಮ್ಮನ ಹತ್ತಿರ ಕೇಳಿದರಂತೆ, ಒಂದು ಸೀಸನ್ ಮಾತ್ರ ಅಂತ ಅಮ್ಮ ಒಪ್ಪಿದರಂತೆ. ಆ ಒಂದು ಸೀಸನ್ 14 ವರ್ಷ ಆಯಿತು.

ಹೊರಗಿನವರಿಗೆ ಸೀಸನ್ ಅಂದರೆ ಗೊತ್ತಿರಲಿಕ್ಕಿಲ್ಲ. ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆವರೆಗೆ (ಇವೆಲ್ಲ ನಿಲ್ಲುವ ತುಳುನಾಡಿನ ದಿನ) ಇಲ್ಲಿ ರಾತ್ರಿ ಅಂದರೆ ಆಟ (ಯಕ್ಷಗಾನ), ನಾಟಕ, ನೇಮ (ದೈವದ ಕೋಲ), ಜಾತ್ರೆ, ದೇವಸ್ಥಾನದ ಬ್ರಹ್ಮಕಲಶ. ಜನವರಿಯಿಂದ ಏಪ್ರಿಲ್‌ವರೆಗೆ ಇವರ ತಂಡಕ್ಕೆ ತಿಂಗಳಿಗೆ 18 ಶೋ ಇರುತ್ತಿತ್ತು. ಅದರ ಜೊತೆ ಮೆಹಂದಿ ಕಾರ್ಯಕ್ರಮಗಳಲ್ಲಿ ಹಾಡು, ಅಲ್ಲೇ ನಿರೂಪಣೆ, ಹಗಲಲ್ಲಿ ಡಬ್ಬಿಂಗ್, ಅಂಗಡಿಗಳ ಜಾಹೀರಾತಿಗೆ ಸ್ವರ. ಎರಡು ವರ್ಷದ ಹಿಂದೆ ಇವರ ಒಂದು ಹಾಡು ಯೂಟ್ಯೂಬ್‌ನಲ್ಲಿ ಚೆನ್ನಾಗಿ ಓಡಿತು. ಆಮೇಲಂತೂ ಪುರುಸೊತ್ತಿಲ್ಲ.

ಸಿನಿಮಾದಲ್ಲಾದರೆ ನಟನೆ, ಹಾಡು ಈ ಎರಡು ಕೆಲಸ ಬೇರೆ ಬೇರೆಯಾಗಿ ತುಂಬಾ ಕಾಲ ಆಯಿತು. 1934ರಲ್ಲಿ ಕನ್ನಡದ ಮೊದಲ ಟಾಕಿ ಬಂದಾಗ ನಟಿಯಾದವಳು ಹಾಡಲೂ ಬೇಕಿತ್ತು, ಕ್ಯಾಮೆರಾ ಮುಂದೆಯೇ. ಹಿನ್ನೆಲೆ ಗಾಯನ ಬಂದ ಮೇಲೆ ಒಬ್ಬರು ಬಾಯಾಡಿಸಿದರು, ಇನ್ನೊಬ್ಬರು ಹಾಡಿದರು. ತುಳುವಿನ ಮೊದಲ ಸಿನಿಮಾ 1971ರಲ್ಲಿ ಬರುವ ಹೊತ್ತಿಗೆ ಅದೇ ರೂಢಿ. ರಂಗದ ಮೇಲೆ ಹಾಗೆ ಆಗುವುದಿಲ್ಲ. ಇಲ್ಲಿಯ ನಾಟಕಗಳಲ್ಲಿ ಬಹಳ ಕಾಲ ಗಂಡಸರೇ ಹೆಣ್ಣಿನ ಪಾತ್ರ ಮಾಡಿದವರು. ನಟನೆ, ಹಾಡು ಎರಡೂ ಬರುವ ಹೆಣ್ಣು ಸಿಕ್ಕಿದರೆ ತಂಡದವರು ಎಲ್ಲ ಭಾರವನ್ನೂ ಅವಳ ಮೇಲೆಯೇ ಹಾಕುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ. ಅವಳು ಮಾಡುತ್ತಾಳಲ್ಲ, ಅದಕ್ಕೆ.

ಆ ವರ್ಷದ ಹೊಸ ನಾಟಕದಲ್ಲಿ ಇವರಿಗೆ ಡಬಲ್ ರೋಲ್. ನಾಯಕಿ, ಮತ್ತೆ ನಾಯಕಿಯ ಅಜ್ಜಿ. ಆ ಅಜ್ಜಿ ಜನರಿಗೆ ಎಷ್ಟು ಇಷ್ಟವಾಗಿದ್ದಳು ಅಂದರೆ, ರಸ್ತೆಯಲ್ಲಿ ಮಕ್ಕಳು ಇವರನ್ನು ಕಂಡರೆ ಅಜ್ಜಿ ಅಂತಲೇ ಕರೆಯುತ್ತಿದ್ದರು.

ಮೊದಲ ದಿನ

ಜನವರಿ ಎರಡನೇ ವಾರ. ಇ.ಎನ್.ಟಿ. ಡಾಕ್ಟರ್ ಚೀಟಿ ಕೊಟ್ಟು ಕಳಿಸಿದ್ದರು. ಜೊತೆಗೆ ತಮ್ಮ ಬಂದಿದ್ದ, ಇವರ ಕಾರು ಓಡಿಸುವವನೂ ಅವನೇ.

“ಮೇಡಂ, ಹಾಡುವಾಗ ಮೇಲೆ ಹೋಗುದೇ ಇಲ್ಲ. ಗಾಳಿ ಮಾತ್ರ ಬರ್ತದೆ. ಎಂತ ಆಗಿದೆ ನೋಡಿ. ನಾಡಿದ್ದು ಶೋ ಉಂಟು.”

ಮಾತಿನ ಸ್ವರ ಸ್ವಲ್ಪ ಒರಟು, ಸ್ವಲ್ಪ ಗಾಳಿ ಸೋರುವ ಹಾಗೆ. ಸಾಮಾನ್ಯ ಕಿವಿಗೆ ನೆಗಡಿ ಆಗಿದೆ ಅನಿಸಬಹುದು ಅಷ್ಟೇ. ಆದರೆ ಇದು ಸೀಸನ್ ಶುರುವಾದಾಗಿನಿಂದ ಇತ್ತು. ಮೊದಲು ಶೋ ಆದ ಮರುದಿನ ಬೆಳಿಗ್ಗೆ ಮಾತ್ರ ಸ್ವರ ಕೂರುತ್ತಿತ್ತು, ಮಧ್ಯಾಹ್ನಕ್ಕೆ ಸರಿಯಾಗುತ್ತಿತ್ತು. ಆಮೇಲೆ ಸಂಜೆಗೆ ಸರಿಯಾಯಿತು. ಈಗ ಸರಿಯಾಗುವುದೇ ಇಲ್ಲ. ಈ ನಡುವೆ ಏನೇನು ಮಾಡಿದ್ದರು ಕೇಳಿ: ಕಾಳುಮೆಣಸು ಕಲ್ಲುಸಕ್ಕರೆ, ಜ್ಯೇಷ್ಠಮಧು, ಓಮದ ಕಷಾಯ, ಮೆಂಥಾಲ್ ಮಾತ್ರೆ ಡಬ್ಬಗಟ್ಟಲೆ. ನಮ್ಮಲ್ಲಿ ಹಾಡುವವರೆಲ್ಲ ಮಾಡುವುದೇ ಇದು. ನುಂಗಿದ್ದು ಸ್ವರತಂತುವಿಗೆ (ಗಂಟಲಿನೊಳಗೆ ನಡುಗಿ ಸ್ವರ ಹೊರಡಿಸುವ ಎರಡು ಮಡಿಕೆಗಳು) ತಾಗುವುದಿಲ್ಲ, ತಾಗಿದರೆ ಕೆಮ್ಮು ಬಂದು ಹೊರಗೆ ಹಾಕುತ್ತದೆ, ಯಾಕೆಂದರೆ ಅದು ಗಾಳಿಯ ದಾರಿ. ಚೀಪುವಾಗ ಎಂಜಲು ಬಂದು ಗಂಟಲು ಹಿತ ಅನಿಸುತ್ತದೆ, ಅಷ್ಟಕ್ಕೆ ಅಡ್ಡಿಯಿಲ್ಲ. ಮೆಂಥಾಲ್ ಮಾತ್ರ ಕೆಲವರಿಗೆ ಗಂಟಲು ಒಣಗಿಸುತ್ತದೆ. ಅದನ್ನು ಅವತ್ತೇ ಬಿಡಿಸಿದೆ.

ಪರೀಕ್ಷೆಗಳು ತುಂಬಾ ಸರಳ. ಒಂದೇ ಉಸಿರಿನಲ್ಲಿ ‘ಆ’ ಅಂತ ಎಷ್ಟು ಹೊತ್ತು ಎಳೆಯುತ್ತೀರಿ? 10 ಸೆಕೆಂಡು. ಹಾಡಿ ಪಳಗಿದ ಹೆಣ್ಣಿಗೆ 20ರ ಹತ್ತಿರ ಬರಬೇಕು. ಆಮೇಲೆ ‘ಸ್’ ಅಂತ ಹಾವಿನ ಹಾಗೆ, 19 ಸೆಕೆಂಡು. ಮತ್ತೆ ಅಷ್ಟೇ ಉಸಿರು ತೆಗೆದು ಜೇನುನೊಣದ ಹಾಗೆ ಗುಂಯ್‌ಗುಟ್ಟುವ ‘ಝ್’, 11 ಸೆಕೆಂಡು. ಎರಡೂ ಹತ್ತಿರ ಹತ್ತಿರ ಇರಬೇಕಾದದ್ದು. ಮೊದಲನೆಯದರಲ್ಲಿ ಸ್ವರತಂತು ಸೇರಬೇಕಾಗಿಲ್ಲ, ಎರಡನೆಯದರಲ್ಲಿ ಸೇರಬೇಕು. ಅಂದರೆ ಉಸಿರು ಉಂಟು, ತಂತು ಸರಿಯಾಗಿ ಮುಚ್ಚುತ್ತಿಲ್ಲ, ಗಾಳಿ ಸೋರುತ್ತಿದೆ. ಸ್ವರದ ತೊಂದರೆ ಬದುಕನ್ನು ಎಷ್ಟು ಕಾಡುತ್ತಿದೆ ಅಂತ ಅಳೆಯುವ 30 ಪ್ರಶ್ನೆಗಳ ಪಟ್ಟಿ ಒಂದು ಇದೆ, ಪೂರ್ತಿ ಅಂಕ 120. ಇವರಿಗೆ 58 ಬಂತು.

ಕೊನೆಗೆ ಎತ್ತರದ ಶ್ರುತಿಯಲ್ಲಿ, ಮಲಗಿದ ಮಗು ಏಳದಷ್ಟು ಮೆತ್ತಗೆ, ಹ್ಯಾಪಿ ಬರ್ತ್‌ಡೇಯ ಮೊದಲ ಸಾಲು ಹಾಡಿ ಅಂದೆ. ಇದು ಸ್ವರತಂತು ಊದಿದೆಯಾ ಅಂತ ನೋಡುವ ಒಳ್ಳೆಯ ಉಪಾಯ. ಜೋರಾಗಿ ಹಾಡಿದರೆ ಗಾಳಿಯ ಒತ್ತಡ ತಪ್ಪನ್ನು ಮುಚ್ಚಿಬಿಡುತ್ತದೆ. ಮೆತ್ತಗೆ ಹಾಡಿದರೆ ಮುಚ್ಚಲು ಆಗುವುದಿಲ್ಲ. ಅವರು ಬಾಯಿ ತೆರೆದರು. ಗಾಳಿ ಬಂತು, ಅರ್ಧ ಸೆಕೆಂಡು ಏನೂ ಇಲ್ಲ, ಆಮೇಲೆ ಸ್ವರ ಹಾರಿ ಬಂತು, ಎರಡನೇ ಪದಕ್ಕೆ ಮತ್ತೆ ಹೋಯಿತು. ಅವರು ನನ್ನ ಮುಖ ನೋಡಿದರು. 14 ವರ್ಷ ಗದ್ದೆಯಲ್ಲಿ ಸೇರಿದ ಜನರ ಮುಂದೆ ಹಾಡಿದವರಿಗೆ ನಾಲ್ಕು ಪದ ಮೆತ್ತಗೆ ಹಾಡಲು ಆಗಲಿಲ್ಲ. ಕಣ್ಣು ತುಂಬಿತ್ತು. ತಮ್ಮ ಎದ್ದು ಹೊರಗೆ ಹೋದ.

ಒಳಗೆ ಏನಿತ್ತು

ಹೆಂಗಸರ ಸ್ವರತಂತು ಒಂದು, ಒಂದೂಕಾಲು ಸೆಂಟಿಮೀಟರ್ ಉದ್ದ ಅಷ್ಟೇ. ಸಾಮಾನ್ಯ ಮಾತಿನಲ್ಲಿ ಎರಡು ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಪೂರ್ತಿ ಒಂದು ಗಂಟೆ ಸ್ವರ ಹೊರಟರೆ 7 ಲಕ್ಷ ಸಲ ಆಯಿತು. ಮೇಲಿನ ಸ್ಥಾಯಿಯಲ್ಲಿ ಹಾಡುವಾಗ ಇನ್ನೂ ಜಾಸ್ತಿ. ಬಡಿತ ಹದವಾಗಿದ್ದರೆ ಏನೂ ಆಗುವುದಿಲ್ಲ, ದೇಹ ಅದಕ್ಕೆಂದೇ ಮಾಡಿದ್ದು. ಗುದ್ದಿದ ಹಾಗೆ ಬಡಿದರೆ, ಎಲ್ಲಿ ಪೆಟ್ಟು ಜಾಸ್ತಿಯೋ ಅಲ್ಲಿ, ಮುಂದಿನಿಂದ ಮೂರನೇ ಒಂದು ಭಾಗ ಹಿಂದಕ್ಕೆ, ಎರಡೂ ಕಡೆ ಎದುರು ಬದುರು ದಪ್ಪವಾಗುತ್ತದೆ. ಇದಕ್ಕೆ ನೊಡ್ಯೂಲ್ ಅನ್ನುತ್ತಾರೆ, ಜನ ಗಂಟು ಅನ್ನುತ್ತಾರೆ. ಗಂಟು ಅಂದ ಕೂಡಲೇ ಕ್ಯಾನ್ಸರಾ ಅಂತ ಹೆದರುತ್ತಾರೆ. ಅಲ್ಲ. ತೆಂಗಿನ ಮರ ಹತ್ತುವವರ ಅಂಗಾಲು ಜಡ್ಡು ಕಟ್ಟಿದ ಹಾಗೆ ಇದು.

ಡಾಕ್ಟರ್ ಸ್ಟ್ರೋಬೋಸ್ಕೋಪಿ ಮಾಡಿದ್ದರು. ತಂತು ನಡುಗುವ ವೇಗಕ್ಕಿಂತ ಚೂರು ಬೇರೆ ವೇಗದಲ್ಲಿ ಬೆಳಕು ಮಿನುಗಿಸಿದರೆ ಆ ನಡುಕ ನಿಧಾನವಾಗಿ ಅಲೆ ಬಂದ ಹಾಗೆ ಕಾಣುತ್ತದೆ. ಎರಡೂ ಬದಿಯಲ್ಲಿ ಸಣ್ಣ, ಇನ್ನೂ ಮೆತ್ತಗಿದ್ದ ಗಂಟು. ಎಡಗಡೆಯದ್ದು ಸ್ವಲ್ಪ ದೊಡ್ಡದು. ತಂತು ಮುಚ್ಚುವಾಗ ಗಂಟು ಮೊದಲು ತಾಗಿ ಅದರ ಹಿಂದೆ ಮುಂದೆ ಸಂದು ಉಳಿಯುತ್ತಿತ್ತು, ಗಾಳಿ ಸೋರುತ್ತಿದ್ದದ್ದು ಅಲ್ಲಿ. ಗಂಟಲಿನ ಹಿಂಭಾಗ ಕೆಂಪಾಗಿತ್ತು, ಹೊಟ್ಟೆಯ ಆಸಿಡ್ ಮೇಲೆ ಬರುವವರಿಗೆ ಆಗುವ ಹಾಗೆ. ಅದಕ್ಕೆ ಡಾಕ್ಟರ್ ಮಾತ್ರೆ ಕೊಟ್ಟಿದ್ದರು. ಶೋ ಮುಗಿಯುವುದು ರಾತ್ರಿ ಒಂದು ಗಂಟೆಗೆ, ಆಮೇಲೆ ಕೋರಿರೊಟ್ಟಿ, ಆಮೇಲೆ ಕಾರಿನಲ್ಲಿ ಸೀಟು ಹಿಂದೆ ಮಾಡಿ ನಿದ್ದೆ. ಆಸಿಡ್ ಮೇಲೆ ಬಾರದೆ ಇರುತ್ತದಾ?

ನನ್ನ ತಪ್ಪು

ಹಾಡುಗಾರ್ತಿ, ಹಾಡಲು ಆಗುತ್ತಿಲ್ಲ ಅಂತ ಬಂದಿದ್ದಾರೆ. ಹಾಗಾಗಿ ಹಾಡಿನಿಂದಲೇ ಆಗಿದೆ ಅಂದುಕೊಂಡೆ. ಎರಡು ಹಾಡಿನ ಶ್ರುತಿ ಇಳಿಸಿದೆವು. ಮೆಹಂದಿ ಕಾರ್ಯಕ್ರಮ ಎರಡು ಬಿಡಿಸಿದೆ. ತಮ್ಮನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ದಿನಕ್ಕೆ ಎಷ್ಟು ಹೊತ್ತು ಹಾಡು, ಎಷ್ಟು ಹೊತ್ತು ಡೈಲಾಗ್, ಎಷ್ಟು ಹೊತ್ತು ಫೋನು, ಎಷ್ಟು ನೀರು, ಎಲ್ಲ ಬರೆಯಲು ಹೇಳಿದೆ. ಅವನು ಮನಸ್ಸಿಟ್ಟು ಬರೆದ. ಎಷ್ಟರ ಮಟ್ಟಿಗೆ ಅಂದರೆ ಪೆಟ್ರೋಲ್ ಬಂಕಿನಲ್ಲಿ ಯಾರೋ ಗುರುತು ಹಿಡಿದು ಮಾತಾಡಿಸಿದ್ದು ನಾಲ್ಕು ನಿಮಿಷ ಅಂತ ಕೂಡ ಇತ್ತು.

ಮೂರು ವಾರ ಕಳೆದರೂ ‘ಆ’ 10 ಸೆಕೆಂಡಿನಿಂದ 11ಕ್ಕೆ ಬಂತು, ಅಷ್ಟೇ. ಹೇಳಿದ್ದೆಲ್ಲ ಮಾಡುತ್ತಿದ್ದರು. ನೀರು ಕುಡಿಯುತ್ತಿದ್ದರು, ಮೆಂಥಾಲ್ ಬಿಟ್ಟಿದ್ದರು, ಹಾಡು ಅರ್ಧ ಮಾಡಿದ್ದರು. ಹಾಗಾದರೆ ಪೆಟ್ಟು ಬೀಳುತ್ತಿರುವುದು ಎಲ್ಲಿ?

ನೋಟ್‌ಬುಕ್ಕಿನಲ್ಲಿ ಅದು ಕಾಣದ್ದಕ್ಕೆ ಕಾರಣ ನಾನು ಹಾಕಿಕೊಟ್ಟ ಕಾಲಂಗಳೇ. ಡೈಲಾಗ್ ಅಂತ ಒಂದೇ ಕಾಲಂ ಮಾಡಿದ್ದೆ. ನಾಯಕಿಯ ಮಾತೂ ಅದರಲ್ಲೇ, ಅಜ್ಜಿಯ ಮಾತೂ ಅದರಲ್ಲೇ.

ಸೈಡ್ ವಿಂಗಿನಲ್ಲಿ ಒಂದು ರಾತ್ರಿ

ಫೆಬ್ರವರಿ ಮೊದಲ ವಾರ, ಮೂಡುಬಿದಿರೆ ಕಡೆಯ ಒಂದು ದೇವಸ್ಥಾನದ ಪಕ್ಕದ ಗದ್ದೆ. ನಾನು ಪ್ರೇಕ್ಷಕರ ಜೊತೆ ಕೂರಲಿಲ್ಲ. ಎಡಗಡೆಯ ವಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಹಿಂದೆ ಹತ್ತು ಹೆಜ್ಜೆಗೆ ಜನರೇಟರ್. ಸ್ಪೀಕರ್ ಎಲ್ಲ ಜನರ ಕಡೆಗೆ ತಿರುಗಿಸಿ ಇಟ್ಟಿದ್ದರು. ರಂಗದ ಮೇಲಿದ್ದವರಿಗೆ ತಮ್ಮ ಸ್ವರ ಕೇಳಲು ಒಂದು ಮಾನಿಟರ್ ಕೂಡ ಇರಲಿಲ್ಲ. ತನ್ನ ಸ್ವರ ತನಗೆ ಕೇಳದಿದ್ದರೆ ಮನುಷ್ಯ ಗೊತ್ತಿಲ್ಲದೆಯೇ ಸ್ವರ ಏರಿಸುತ್ತಾನೆ. ಲೊಂಬಾರ್ಡ್ ಅನ್ನುವ ಫ್ರೆಂಚ್ ಡಾಕ್ಟರ್ ನೂರು ವರ್ಷಕ್ಕೂ ಹಿಂದೆ ಇದನ್ನು ತೋರಿಸಿಕೊಟ್ಟಿದ್ದ, ಅವನ ಹೆಸರೇ ಅದಕ್ಕೆ ಉಳಿದಿದೆ. ಬೇಡ ಅಂದರೂ ನಿಲ್ಲಿಸಲು ಆಗುವಂಥದ್ದಲ್ಲ ಅದು.

ನಾಯಕಿಯ ದೃಶ್ಯಗಳು ಚೆನ್ನಾಗಿಯೇ ಇದ್ದವು. ಮೊದಲ ಹಾಡು ಕೂಡ. ಉಸಿರು ಹೊಟ್ಟೆಯಿಂದ, ಕುತ್ತಿಗೆ ಸಡಿಲ, ಭಜನೆಯಲ್ಲಿ ಪಳಗಿದ ಗಂಟಲು ಅಲ್ವಾ. ಈ ಹಾಡನ್ನಾ ನಾನು ಕಡಿಮೆ ಮಾಡಿಸಿದ್ದು ಅಂತ ಬೇಸರವಾಯಿತು.

ಆಮೇಲೆ ಅಜ್ಜಿ ಬಂದಳು. ಬೆನ್ನು ಬಗ್ಗಿಸಿ, ಕೋಲು ಹಿಡಿದು, ವಿಂಗಿನ ಒಳಗಿನಿಂದಲೇ ಬೈಯುತ್ತಾ. ಜನ ಒಂದೇ ಸಲ ಹೋ ಅಂದರು. ನಾನು ಕುತ್ತಿಗೆ ಮಾತ್ರ ನೋಡುತ್ತಿದ್ದೆ. ಗಂಟಲಿನ ಎರಡೂ ಕಡೆಯ ನರ ಹಗ್ಗದ ಹಾಗೆ ಎದ್ದು ನಿಂತಿತ್ತು. ಸ್ವರವನ್ನು ಗಂಟಲಲ್ಲಿ ಹಿಂಡಿ, ಕಿರ್ ಅಂತ ತೆಗೆಯುತ್ತಿದ್ದರು. ಹೀಗೆ ಮಾಡುವಾಗ ನಿಜವಾದ ಸ್ವರತಂತುವಿನ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳು ಕೂಡ ಒಳಗೆ ಒತ್ತಿಕೊಳ್ಳುತ್ತವೆ. ಪ್ರತಿ ಪದ ಗುದ್ದಿನ ಹಾಗೆ ಶುರುವಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಕೆಮ್ಮು. ಅಜ್ಜಿ ಬೈಯುತ್ತಾ ಬೈಯುತ್ತಾ ಕೆಮ್ಮಬೇಕು, ಕೆಮ್ಮಿಗೆ ಸಿಕ್ಕಿ ಬೈಗುಳ ಅರ್ಧಕ್ಕೆ ನಿಲ್ಲಬೇಕು, ಅದಕ್ಕೆ ಜನ ನಗಬೇಕು. ಕೆಮ್ಮು ಅಂದರೆ ಸ್ವರತಂತುಗಳು ಬಲವಾಗಿ ಮುಚ್ಚಿ ಒಮ್ಮೆಲೇ ಸಿಡಿದು ತೆರೆಯುವುದು. ನಾನು ಎಣಿಸಿದೆ. 12 ನಿಮಿಷದ ದೃಶ್ಯದಲ್ಲಿ 23 ಕೆಮ್ಮು. ಆ ಸೀಸನ್‌ನಲ್ಲಿ ಅದು 50ಕ್ಕೂ ಮೇಲಿನ ಶೋ.

ದೃಶ್ಯ ಮುಗಿಸಿ ಒಳಗೆ ಬಂದವರೇ ಸೀರೆ ಬದಲಿಸುತ್ತಾ ಜನರೇಟರ್ ಸದ್ದಿನ ಮೇಲೆ ಕೂಗಿ ಪಿನ್ ಕೇಳಿದರು, ಯಾರಿಗೋ ಉತ್ತರ ಕೊಟ್ಟರು, ಎರಡು ಸಲ ಗಂಟಲು ಕೆರೆದರು. ನಾಲ್ಕು ನಿಮಿಷದಲ್ಲಿ ಹೊರಗೆ ಹೋಗಿ, ಹೊಗೆ ಯಂತ್ರದವನು ಬಿಟ್ಟ ಹೊಗೆಯ ನಡುವೆ ನಿಂತು, ನಾಟಕದ ಅತಿ ಎತ್ತರದ ಹಾಡು ಶುರುಮಾಡಿದರು. ಅದು ಮೇಲೆ ಹೋಗಲಿಲ್ಲ. ಹಾಡುವಾಗ ನೋವು, ಹಾಡುವಾಗ ಗಾಳಿ, ಹಾಗಾಗಿ ಹಾಡಿನದ್ದೇ ತಪ್ಪು ಅಂತ ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಶೋ ಮುಗಿದ ಮೇಲೆ ತಮ್ಮ ಹೇಳಿದ, “ಅಕ್ಕ ನಾಟಕದಲ್ಲಿ ಮಾತಾಡುದಕ್ಕಿಂತ ನಾಟಕ ಮುಗಿದ ಮೇಲೆ ಮಾತಾಡುದು ಜಾಸ್ತಿ ಮೇಡಂ, ನೋಡಿ ಈಗ.” ಹೌದು, ಸೆಲ್ಫಿಗೆ ಬಂದವರ ಸಾಲು ಇತ್ತು. ಪ್ರತಿಯೊಬ್ಬರೂ ಅಜ್ಜಿಯ ಒಂದು ಡೈಲಾಗ್ ಹೇಳಿ ಅಂತ ಕೇಳುತ್ತಿದ್ದರು. ಇವರು ಹೇಳುತ್ತಿದ್ದರು.

ಕತ್ತರಿಸುವ ಮಾತು

ಈ ನಡುವೆ ಬೇರೆ ಊರಿನ ಒಂದು ಕಡೆ ತೋರಿಸಿಕೊಂಡು ಬಂದಿದ್ದರು. ಅಲ್ಲಿ, ಸಣ್ಣ ಆಪರೇಷನ್, ತೆಗೆದುಬಿಟ್ಟರೆ ಮುಗಿಯಿತು, ಒಂದು ತಿಂಗಳಲ್ಲಿ ಹಾಡಬಹುದು ಅಂತ ಹೇಳಿದರಂತೆ. ಮನೆಯಲ್ಲಿ ಎಲ್ಲರಿಗೂ ಅದೇ ಸರಿ ಅನಿಸಿತ್ತು. ತಿಂಗಳುಗಟ್ಟಲೆ ವ್ಯಾಯಾಮ ಮಾಡುವುದಕ್ಕಿಂತ ಒಂದು ದಿನದ ಕೆಲಸ ಯಾರಿಗೆ ಬೇಡ?

ಆವತ್ತು ನಾನು ಅವರಿಗೆ ಜೂಲಿ ಆಂಡ್ರೂಸ್ ವಿಷಯ ಹೇಳಿದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವರಿಗೆ ಡೋ ರೇ ಮಿ ಗೊತ್ತಿರುತ್ತದೆ, ‘ದಿ ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾದ್ದು, 1965. ಅದರಲ್ಲಿ ನಟಿಸಿ ತಾನೇ ಹಾಡಿದ ಇಂಗ್ಲೆಂಡಿನ ನಟಿ. 1935ರಲ್ಲಿ ಹುಟ್ಟಿದವರು, ಚಿಕ್ಕ ಮಗುವಾಗಿದ್ದಾಗಲೇ ರಂಗದ ಮೇಲೆ ಹಾಡಿದವರು, 20 ವರ್ಷಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಾಯಕಿ. 60 ದಾಟಿದ ಮೇಲೂ ಬ್ರಾಡ್‌ವೇಯಲ್ಲಿ ಒಂದು ಸಂಗೀತ ನಾಟಕ ಮಾಡುತ್ತಿದ್ದರು. ಅಲ್ಲಿ ವಾರಕ್ಕೆ 8 ಪ್ರದರ್ಶನ ರೂಢಿ. ಸ್ವರ ಕೆಟ್ಟಿತು. 1997ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆ ಆಯಿತು, ಹಾಡುವ ಸ್ವರ ಮತ್ತೆ ಬರಲೇ ಇಲ್ಲ. 1999ರಲ್ಲಿ ಕೋರ್ಟಿಗೆ ಹೋದರು, ಮರುವರ್ಷ ರಾಜಿ ಆಯಿತು. ರಾಜಿಯಿಂದ ಸ್ವರ ಬರುತ್ತದಾ?

ಹೆದರಿಸಲು ಹೇಳಿದ್ದಲ್ಲ. ಇವರದ್ದೂ ಅವರದ್ದೂ ಒಂದೇ ತೊಂದರೆ ಅಂತಲೂ ಹೇಳಲಿಲ್ಲ. ಈಗಿನ ಮೈಕ್ರೋ ಸರ್ಜರಿ ತುಂಬಾ ಸುಧಾರಿಸಿದೆ, ಪಾಲಿಪ್ (ತಂತುವಿನ ಮೇಲೆ ಬೆಳೆಯುವ ಮೆತ್ತಗಿನ ಉಬ್ಬು) ಅಥವಾ ನೀರಿನ ಗುಳ್ಳೆಯಂಥದ್ದಾದರೆ ಬೇಕಾಗಬಹುದು. ಆದರೆ ಮೆತ್ತಗಿನ ನೊಡ್ಯೂಲ್‌ಗೆ ಮೊದಲ ದಾರಿ ಥೆರಪಿ. ಹೆಚ್ಚಿನವರಿಗೆ ಕತ್ತಿ ಬೇಕಾಗುವುದೇ ಇಲ್ಲ. ತೆಗೆದರೂ, ಅಜ್ಜಿ ಹಾಗೇ ಕೆಮ್ಮುತ್ತಿದ್ದರೆ ಮುಂದಿನ ಸೀಸನ್‌ಗೆ ಗಂಟು ಮತ್ತೆ ಬರುತ್ತದೆ. ನಮ್ಮ ಇ.ಎನ್.ಟಿ. ಡಾಕ್ಟರ್ ಕೂಡ ಇದನ್ನೇ ಹೇಳಿದರು. 12 ವಾರ ನೋಡೋಣ ಅಂತ ಆಯಿತು.

ಅವರು ಕೇಳಿದ್ದು ಒಂದೇ ಪ್ರಶ್ನೆ. “ಆಮೇಲೆ ಅವರು ಎಂತ ಮಾಡಿದ್ರು ಮೇಡಂ?” ನಾನು ಹೇಳಿದೆ: ನಟಿಸಿದರು, ಮಗಳ ಜೊತೆ ಮಕ್ಕಳ ಪುಸ್ತಕ ಬರೆದರು, ನಾಟಕ ನಿರ್ದೇಶಿಸಿದರು. 2004ರಲ್ಲಿ ಒಂದು ಸಿನಿಮಾದಲ್ಲಿ ಉಳಿದ ಕೆಲವೇ ಸ್ವರಗಳಲ್ಲಿ ಒಂದು ಹಾಡನ್ನೂ ಹೇಳಿದರು. ಇವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು.

ಹೊಸ ಅಜ್ಜಿ

ವ್ಯಾಯಾಮ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಒಂದು ಲೋಟ ನೀರು, ಎಳನೀರಿಗೆ ಕೊಡುತ್ತಾರಲ್ಲ ಅಂಥ ಒಂದು ಸ್ಟ್ರಾ. ಸ್ಟ್ರಾದ ತುದಿ ಎರಡು ಸೆಂಟಿಮೀಟರ್ ನೀರಲ್ಲಿ ಮುಳುಗಿಸಿ, ‘ಊ’ ಅಂತ ಸ್ವರ ಹೊರಡಿಸುತ್ತಾ ಗುಳ್ಳೆ ಬಿಡಬೇಕು. ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಬೇಕು. ನೀರು ಹಿಂದಕ್ಕೆ ಒತ್ತಡ ಕೊಡುವುದರಿಂದ ತಂತುಗಳು ಗುದ್ದದೆ ಹಗುರವಾಗಿ ಸೇರುತ್ತವೆ. ದಿನಕ್ಕೆ ಆರು ಸಲ, ಸಲಕ್ಕೆ ಮೂರು ನಿಮಿಷ. ಆಮೇಲೆ ‘ಮ್’ ಅಂತ ಗುನುಗು, ತುಟಿ ಮೂಗಿನ ಹತ್ತಿರ ಜುಮ್ ಅನ್ನಬೇಕು. ಆ ಜುಮ್ ಉಳಿಸಿಕೊಂಡೇ ಅಮ್ಮ, ಮಾಮ, ಮಾಮಿ. ಹೀಗೆ ಮಾತಿಗೆ ಬಂದೆವು.

ಕಷ್ಟವಾದದ್ದು ಅಜ್ಜಿ. ತಂಡದ ಮ್ಯಾನೇಜರ್ ನನ್ನ ಹತ್ತಿರ ಬಂದು ಹೇಳಿದರು, “ಮೇಡಂ, ಜನ ಬರುದೇ ಆ ಅಜ್ಜಿಯನ್ನು ನೋಡ್ಲಿಕ್ಕೆ. ಸ್ವರ ಬದಲಾದ್ರೆ ಯಾರು ನಗ್ತಾರೆ? ನಾನು ಹತ್ತು ಕಡೆ ಡೇಟ್ ಕೊಟ್ಟಿದ್ದೇನೆ.” ಅವರ ಕಷ್ಟ ಸುಳ್ಳಲ್ಲ. ಶೋ ನಿಂತರೆ ಹದಿನೈದು ಮನೆಗೆ ಆ ದಿನದ ದುಡ್ಡಿಲ್ಲ. ಅಜ್ಜಿಯನ್ನು ತೆಗೆಯುವುದು ಬೇಡ, ಬೇರೆ ಥರ ಕಟ್ಟೋಣ, ನಾಲ್ಕು ಶೋ ಕೊಡಿ ಅಂತ ಕೇಳಿಕೊಂಡೆ.

ಇವರನ್ನು ಕೇಳಿದೆ, ನಿಮ್ಮ ಅಜ್ಜಿ ಹೇಗೆ ಮಾತಾಡುತ್ತಿದ್ದರು? ಭಜನೆಗೆ ಕರಕೊಂಡು ಹೋಗುತ್ತಿದ್ದ ಅಜ್ಜಿ. ಸ್ವಲ್ಪ ಯೋಚಿಸಿ ಹೇಳಿದರು, ಅಜ್ಜಿ ಬೀಡಿ ಕಟ್ಟುತ್ತಿದ್ದರು, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಕೂಗಿದ್ದೇ ಇಲ್ಲ. ಸ್ವರ ಸಣ್ಣ, ದಾರದ ಹಾಗೆ. ಅವರು ಮಾತಾಡುವಾಗ ಕೆನ್ನೆಯಲ್ಲಿ ಎಲೆ ಇಟ್ಟುಕೊಂಡು ತುಟಿ ಮುಂದೆ ಮಾಡಿ ಒಂದೊಂದೇ ಮಾತು ಬಿಡುತ್ತಿದ್ದರು, ನಾವೆಲ್ಲ ಬಾಯಿ ಮುಚ್ಚಿ ಕಾಯಬೇಕಿತ್ತು. ಹೇಳುತ್ತಾ ಹೇಳುತ್ತಾ ಅವರ ತುಟಿ ತನ್ನಷ್ಟಕ್ಕೆ ಮುಂದೆ ಬಂತು, ಗಲ್ಲ ಒಂದು ಕಡೆ ಉಬ್ಬಿತು. “ಮಗಾ” ಅಂದರು, ಅಜ್ಜಿಯ ಸ್ವರದಲ್ಲಿ. ಕುತ್ತಿಗೆಯಲ್ಲಿ ಒಂದು ನರ ಕೂಡ ಏಳಲಿಲ್ಲ. ಸ್ವರ ಪೂರ್ತಿ ತುಟಿಯ ಹತ್ತಿರ ಇತ್ತು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಅವರಿಗೇ ಕೇಳಿಸಿದೆ. ಅವರು ಅದನ್ನು ಮೂರು ಸಲ ಕೇಳಿ ತಮ್ಮನನ್ನು ಒಳಗೆ ಕರೆದರು. ಅವನು ಬಾಗಿಲಲ್ಲೇ ನಿಂತ. “ಇದು ನಮ್ಮ ಅಜ್ಜಿ” ಅಂದ.

ವಯಸ್ಸು ತೋರಿಸಲು ಗಂಟಲು ಹಿಂಡಬೇಕಾಗಿಲ್ಲ. ಮಾತಿನ ನಡುವಿನ ಬಿಡುವು, ದವಡೆ, ಉಸಿರು ತೆಗೆದುಕೊಳ್ಳುವ ಸದ್ದು, ಇಷ್ಟರಲ್ಲೇ ಬರುತ್ತದೆ. ಕೆಮ್ಮನ್ನು ಏನು ಮಾಡುವುದು ಅಂತ ಅವರೇ ದಾರಿ ಹುಡುಕಿದರು. ಅಜ್ಜಿ ಬೈಯುತ್ತಾಳೆ, ಬೆರಳೆತ್ತುತ್ತಾಳೆ, ಕೆಮ್ಮು ಬಂದ ಹಾಗೆ ಬಾಯಿ ತೆರೆಯುತ್ತಾಳೆ, ರಂಗದ ಮೇಲೆ ಎಲ್ಲರೂ ಕಾಯುತ್ತಾರೆ, ಕೆಮ್ಮು ಬರುವುದಿಲ್ಲ, ಅಜ್ಜಿ ನಿಧಾನಕ್ಕೆ ಡಬ್ಬ ಎಳೆದು ಎಲೆಯಡಿಕೆ ಉಗುಳಿ, ಬಿಟ್ಟಲ್ಲಿಂದ ಬೈಗುಳ ಮುಂದುವರಿಸುತ್ತಾಳೆ. ಮೊದಲ ಶೋದಲ್ಲಿ ಜನ ಅಷ್ಟು ನಗಲಿಲ್ಲ. ಮ್ಯಾನೇಜರ್ ಮುಖ ಸಣ್ಣದಾಯಿತು. ಎರಡನೆಯದ್ದು ಪರವಾಗಿಲ್ಲ. ಮೂರನೆಯದ್ದು ಸುರತ್ಕಲ್ ಹತ್ತಿರ. ಬಾಯಿ ತೆರೆದು ನಿಂತ ಆ ಮೌನದಲ್ಲೇ ಮುಂದಿನ ಸಾಲಿನ ಹೆಂಗಸರು ನಗಲು ಶುರುಮಾಡಿದರು, ಅದು ಹಿಂದೆ ಹಿಂದೆ ಹೋಗಿ ಇಡೀ ಗದ್ದೆ ನಕ್ಕಿತು. ನಾನು ಅಲ್ಲಿದ್ದೆ.

ಮಾನಿಟರ್ ಸ್ಪೀಕರ್ ಒಂದನ್ನು ಸೌಂಡ್ಸ್‌ನವರು ಬಾಡಿಗೆ ಇಲ್ಲದೆ ಕೊಟ್ಟರು, ಕೇಳಿದ್ದರೆ ಮೊದಲೇ ಕೊಡುತ್ತಿದ್ದೆ ಅಂದರು. ಅಜ್ಜಿಯ ದೃಶ್ಯಕ್ಕೂ ಹಾಡಿಗೂ ನಡುವೆ ಹಾಸ್ಯಗಾರರ ಒಂದು ದೃಶ್ಯ ತಂದು ಹಾಕಿದರು, ಏಳು ನಿಮಿಷ ಸಿಕ್ಕಿತು. ಹೊಗೆ ಯಂತ್ರ ಇವರ ಹಾಡಿಗೆ ಬಂದ್. ಸಂಜೆ ಏಳಕ್ಕೇ ಗಂಜಿ ಊಟ, ಶೋ ಆದ ಮೇಲೆ ಬಾಳೆಹಣ್ಣು ಮಾತ್ರ.

ಜನ ಏನಂದರು

ಶೋ ಆದ ಮೇಲೆ ಮಾತು ಬೇಡ ಅಂದಿದ್ದೆ. ಪಿಸುಮಾತು ಕೂಡ ಬೇಡ, ಅದರಲ್ಲೂ ಗಂಟಲು ಬಿಗಿಯುತ್ತದೆ. ಫೋನಿನಲ್ಲಿ ಬರೆದು ತೋರಿಸಬೇಕು. ಇದು ಎಲ್ಲಕ್ಕಿಂತ ನೋವು ಕೊಟ್ಟಿತು ಅವರಿಗೆ. ಹಾಡು ಓಡಿದ ಮೇಲೆ ಅಹಂಕಾರ ಬಂದಿದೆ, ಮಾತಾಡಿಸಿದರೆ ಮಾತಾಡುವುದಿಲ್ಲ ಅಂತ ಸುದ್ದಿ ಹಬ್ಬಿತು. ಒಂದು ಮದುವೆ ಮನೆಯಲ್ಲಿ ಅಮ್ಮನ ಎದುರೇ ಯಾರೋ ಅಂದರಂತೆ. ಅಮ್ಮ ಮನೆಗೆ ಬಂದು ಅತ್ತರಂತೆ. ಗಂಡಸು ಕಲಾವಿದ ಸುಮ್ಮನಿದ್ದರೆ ಆಯಾಸ ಆಗಿರಬೇಕು ಅನ್ನುತ್ತಾರೆ. ಹೆಣ್ಣು ಸುಮ್ಮನಿದ್ದರೆ ಅಹಂಕಾರ. ನನಗೆ ಈಗಲೂ ಸಿಟ್ಟು ಬರುತ್ತದೆ. ಆಮೇಲೆ ತಮ್ಮನೇ ಮುಂದೆ ನಿಂತು, ಅಕ್ಕನಿಗೆ ಗಂಟಲಿನ ಚಿಕಿತ್ಸೆ ನಡೆಯುತ್ತಿದೆ, ಫೋಟೋ ತೆಗೆಯಿರಿ, ಮಾತು ಬೇಡ ಅಂತ ಒಬ್ಬೊಬ್ಬರಿಗೂ ಹೇಳತೊಡಗಿದ. ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಒಬ್ಬರು ಅಜ್ಜ ಕೈಮುಗಿದು, ಗುಣ ಆಗಲಿ ಮಗಳೇ ಅಂತ ಹೋದರು.

ದುಡ್ಡಿನ ನಷ್ಟ ಆಯಿತು. ಶೋ 18ರಿಂದ 12ಕ್ಕೆ ಇಳಿಯಿತು, ನಿರೂಪಣೆ ಪೂರ್ತಿ ಬಿಟ್ಟರು. ಕಾರಿನ ಕಂತು ಎರಡು ತಡವಾಯಿತು.

ಈಗ

ಏಪ್ರಿಲ್ ಕೊನೆಗೆ, 12 ವಾರ ಆದ ಮೇಲೆ, ಮತ್ತೆ ಸ್ಟ್ರೋಬೋಸ್ಕೋಪಿ. ಬಲಗಡೆಯ ಗಂಟು ಇಲ್ಲ. ಎಡಗಡೆ ಸ್ವಲ್ಪ ದಪ್ಪ ಉಳಿದಿದೆ, ಸಂದು ಹೆಚ್ಚುಕಡಿಮೆ ಮುಚ್ಚಿದೆ. ‘ಆ’ 18 ಸೆಕೆಂಡು. ‘ಝ್’ 17, ‘ಸ್’ 19. ಆ 30 ಪ್ರಶ್ನೆಗಳಲ್ಲಿ 58 ಇದ್ದದ್ದು 16ಕ್ಕೆ ಬಂತು. ಎಲ್ಲ ಮೊದಲಿನಂತೆ ಆಗಿಲ್ಲ. ಆ ಎತ್ತರದ ಹಾಡಿನ ಶ್ರುತಿ ಇಳಿಸಿದ್ದನ್ನು ಮತ್ತೆ ಏರಿಸಿಲ್ಲ, ಶೋ ಮೇಲೆ ಶೋ ಬಂದರೆ ಮೂರನೇ ದಿನ ಸ್ವರ ಈಗಲೂ ಸೋಲುತ್ತದೆ.

ಹ್ಯಾಪಿ ಬರ್ತ್‌ಡೇ ಮತ್ತೆ ಹಾಡಿಸಿದೆ, ಎತ್ತರದಲ್ಲಿ, ಮೆತ್ತಗೆ. ಈ ಸಲ ಸ್ವರ ತಡವಾಗಲಿಲ್ಲ. ಸಾಲು ಮುಗಿಸಿ, ಕೇಳದೆಯೇ ಎರಡನೇ ಸಾಲನ್ನೂ ಹಾಡಿದರು. ಪತ್ತನಾಜೆ ಕಳೆದ ಮೇಲೆ ಮೂರು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ಇನ್ನೊಂದು ಸ್ಟ್ರೋಬೋಸ್ಕೋಪಿ. ತಮ್ಮ ಆ ತಾರೀಕನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡು ಹೋಗಿದ್ದಾನೆ.